ಸದ್ದಿಲ್ಲದೆ ದೂರ ಇಡುವ ಬಟನ್: ಇನ್‌ಸ್ಟಾಗ್ರಾಮ್‌ನ ‘ರಿಸ್ಟ್ರಿಕ್ಟ್’ ಹೇಗಿದೆ?

ಇನ್‌ಸ್ಟಾಗ್ರಾಮ್‌ನಲ್ಲಿ ‘ರಿಸ್ಟ್ರಿಕ್ಟ್’ ಎಂಬ ಸೌಲಭ್ಯ 2019ರಿಂದಲೇ ಇದೆ. ಮಕ್ಕಳ ಕೈಗೆ ಫೋನ್ ಕೊಟ್ಟವರು ‘ಬ್ಲಾಕ್’ ಬಟನ್‌ಗಿಂತ ಮೊದಲು ಇದನ್ನು ತಿಳಿದುಕೊಳ್ಳಬೇಕು ಎನ್ನುವುದು ನನ್ನ ಅಭಿಪ್ರಾಯ.

ನಮಗೆ ಇದು ಬೇಕಾಗಿದ್ದು ಅಣ್ಣನ ಮಗಳಿಗಾಗಿ. ಅವಳಿಗೆ ಹದಿನಾಲ್ಕು ವರ್ಷ. ಕ್ಲಾಸಿನ ಹುಡುಗನೊಬ್ಬ ಅವಳ ಪ್ರತಿ ಫೋಟೋದ ಕೆಳಗೂ ‘ಡುಮ್ಮಿ’ ಎಂದು ಬರೆಯುತ್ತಿದ್ದ. ಉಳಿದವರು ಅದಕ್ಕೆ ನಗುವ ಇಮೋಜಿ ಹಾಕುತ್ತಿದ್ದರು. ಬ್ಲಾಕ್ ಮಾಡು ಎಂದೆ. “ಬೇಡ ಅತ್ತೆ, ಅವನಿಗೆ ಗೊತ್ತಾಗುತ್ತೆ. ನಾಳೆ ಕ್ಲಾಸಲ್ಲಿ ಇನ್ನೂ ಜಾಸ್ತಿ ಮಾಡ್ತಾನೆ” ಎಂದಳು. ಅವಳ ಮಾತು ಸರಿಯೇ. ಪೀಡಿಸುವವನು ಎಲ್ಲೋ ಇರುವ ಅಪರಿಚಿತನಲ್ಲ, ಪಕ್ಕದ ಬೆಂಚಿನವನು.

ರಿಸ್ಟ್ರಿಕ್ಟ್ ಮಾಡಿದರೆ ಆ ಕಡೆಯವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಅಲ್ಲಿಂದ ಮುಂದೆ ಅವನು ಹಾಕುವ ಕಾಮೆಂಟ್ ಅವನಿಗೆ ಮಾತ್ರ ಕಾಣುತ್ತದೆ. ಬೇಕಾದರೆ ನಾವು ತೆರೆದು ನೋಡಬಹುದು, ಅಳಿಸಬಹುದು, ಇಲ್ಲವೇ ಸುಮ್ನೆ ಬಿಡಬಹುದು. ಅವನ ಮೆಸೇಜ್‌ಗಳು ಇನ್‌ಬಾಕ್ಸ್‌ಗೆ ಬರದೆ ‘ರಿಕ್ವೆಸ್ಟ್’ಗಳ ಜಾಗಕ್ಕೆ ಹೋಗುತ್ತವೆ. ಓದಿದೆವೋ ಇಲ್ಲವೋ, ಆನ್‌ಲೈನ್ ಇದ್ದೇವೋ ಇಲ್ಲವೋ ಎಂಬುದು ಅವನಿಗೆ ಕಾಣುವುದಿಲ್ಲ. ನಗುವವರಿಗೆ ಕಾಮೆಂಟೇ ಕಾಣದಿದ್ದರೆ ನಗುವುದು ಯಾವುದಕ್ಕೆ, ಅಲ್ವಾ?

ಇನ್ನೊಂದು ಲಾಭವಿದೆ. ಬ್ಲಾಕ್ ಮಾಡಿದ ಕೂಡಲೇ ಆ ವ್ಯಕ್ತಿಯ ಹಳೆಯ ಕಾಮೆಂಟ್‌ಗಳು ನಮ್ಮ ಪೋಸ್ಟ್‌ಗಳಿಂದ ಮಾಯವಾಗುತ್ತವೆ. ಆಮೇಲೆ ಶಾಲೆಯವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ರಿಸ್ಟ್ರಿಕ್ಟ್‌ನಲ್ಲಿ ಆ ಗಡಿಬಿಡಿ ಇಲ್ಲ. ಹೆಸರು, ತಾರೀಖು ಕಾಣುವಂತೆ ನಿಧಾನವಾಗಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆವು.

ಇದರ ಜೊತೆಗೇ ಬಳಸಬೇಕಾದದ್ದು 2021ರಲ್ಲಿ ಬಂದ ‘ಹಿಡನ್ ವರ್ಡ್ಸ್’. ನಾವು ಪಟ್ಟಿ ಮಾಡಿಕೊಟ್ಟ ಪದಗಳಿರುವ ಕಾಮೆಂಟ್, ಮೆಸೇಜ್ ರಿಕ್ವೆಸ್ಟ್‌ಗಳನ್ನು ಅದು ಮರೆಮಾಡುತ್ತದೆ. ‘ಡುಮ್ಮಿ’ ಬೈಗುಳವಲ್ಲ, ಯಂತ್ರಕ್ಕೆ ಅದರ ನೋವು ಎಲ್ಲಿಂದ ಗೊತ್ತಾಗಬೇಕು? ನಾವೇ ಹೇಳಿಕೊಡಬೇಕು. ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ, ಯಾಕೆಂದರೆ ಮಕ್ಕಳು ಬರೆಯುವುದು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ. ಒಂದೊಂದು ಪದವನ್ನು ನಾಲ್ಕು ಥರ ಬರೆಯುತ್ತಾರೆ, ಅಷ್ಟನ್ನೂ ಹಾಕಿ. ಇಮೋಜಿಯನ್ನೂ ಸೇರಿಸಬಹುದು. ಪಟ್ಟಿ ಮಾಡಲು ಇಬ್ಬರೂ ಕೂತಾಗ, ಅದುವರೆಗೆ ಯಾರ ಮುಂದೆಯೂ ಆಡದ ಎಷ್ಟೋ ಪದಗಳನ್ನು ಅವಳು ತಾನಾಗಿಯೇ ಹೇಳಿದಳು. “ಯಾರು ಏನಂದರು ಹೇಳು” ಎಂದು ಕೇಳಿದಾಗಲೆಲ್ಲ ಬಾಯಿ ಬಿಡದವಳು!

ಅಣ್ಣನಿಗೆ ಮೊದಲು ಹೊಳೆದ ಉಪಾಯ ಫೋನ್ ಕಿತ್ತುಕೊಳ್ಳುವುದು. ತಡೆದೆ. ಕಿತ್ತುಕೊಂಡರೆ ಶಿಕ್ಷೆ ಆಗುವುದು ಇವಳಿಗೇ. ಮುಂದಿನ ಸಲ ಮನೆಯಲ್ಲಿ ಹೇಳುವುದೇ ಇಲ್ಲ.

ಕೊರತೆಗಳೂ ಇವೆ. ರಿಸ್ಟ್ರಿಕ್ಟ್ ಆದವನು ನಮ್ಮ ಫೋಟೋ, ಸ್ಟೋರಿಗಳನ್ನು ಮೊದಲಿನಂತೆಯೇ ನೋಡಬಹುದು. ಬೇರೆ ಅಕೌಂಟ್ ಮಾಡಿಕೊಂಡು ಬರಬಹುದು, ಇನ್ನೊಬ್ಬರ ಗ್ರೂಪ್‌ನಲ್ಲಿ ಆಡಿಕೊಳ್ಳಬಹುದು. ಬೆದರಿಕೆ ಹಾಕಿದರೆ, ಫೋಟೋ ತಿರುಚಿ ಹಂಚಿದರೆ, ಅಲ್ಲಿಗೆ ಈ ಬಟನ್ ಸಾಲದು. ಸ್ಕ್ರೀನ್‌ಶಾಟ್ ತೆಗೆದುಕೊಂಡು ರಿಪೋರ್ಟ್, ಬ್ಲಾಕ್ ಎರಡೂ ಮಾಡಿ, ದೊಡ್ಡವರು ನಡುವೆ ಬರಲೇಬೇಕು.

ಹುಡುಕುವುದು ಸುಲಭ. ಆ ವ್ಯಕ್ತಿಯ ಪ್ರೊಫೈಲ್ ತೆರೆದು ಮೇಲಿನ ಮೂರು ಚುಕ್ಕೆ ಒತ್ತಿದರೆ ಸಿಗುತ್ತದೆ. ಆದರೆ ಮಗುವಿಗೆ ಹೇಳದೆ ನೀವೇ ಒತ್ತಬೇಡಿ. ಯಾರನ್ನು ದೂರ ಇಡಬೇಕು ಎಂಬುದು ಅವರ ತೀರ್ಮಾನವಾಗಿರಲಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಇದಕ್ಕೆ: ತನ್ನ ಕಾಮೆಂಟ್ ಎಲ್ಲರೂ ಓದುತ್ತಿದ್ದಾರೆ ಎಂದುಕೊಂಡು ಆ ಹುಡುಗ ಬರೆಯುತ್ತಲೇ ಇದ್ದ. ಮಾಡುತ್ತಿರುವುದು ತಪ್ಪು ಎಂದು ಅವನಿಗೆ ಗೊತ್ತಾದದ್ದು ಕ್ಲಾಸ್ ಟೀಚರ್ ಕರೆದು ಮಾತಾಡಿದ ಮೇಲೆಯೇ.