ಮಾತಿನ ನಡುವೆಯೇ ಫೋಟೊ: ಆಟರ್ ಆ್ಯಪ್ ಹೇಗಿದೆ?

ಕ್ಲಾಸು, ಸೆಮಿನಾರು, ಮೀಟಿಂಗುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವವರಿಗೆಲ್ಲ ಈ ತಾಪತ್ರಯ ಗೊತ್ತು. ‘ಇಲ್ಲಿ ನೋಡಿ, ಈ ಗೆರೆ ಯಾಕೆ ಬಾಗಿದೆ’ ಎಂಬ ಮಾತು ಆಡಿಯೊದಲ್ಲಿರುತ್ತದೆ, ಆ ಗೆರೆಯ ಫೋಟೊ ಗ್ಯಾಲರಿಯಲ್ಲಿ ಎಲ್ಲೋ ಕಳೆದುಹೋಗಿರುತ್ತದೆ. ಇದಕ್ಕೆ, ಮಾತನ್ನು ರೆಕಾರ್ಡ್ ಮಾಡುತ್ತಲೇ ಅಕ್ಷರಕ್ಕಿಳಿಸುವ ಆ್ಯಪ್ ಆದ ಆಟರ್‌ನಲ್ಲಿರುವ ಪರಿಹಾರ ನಿಜಕ್ಕೂ ಚೆನ್ನಾಗಿದೆ. ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಕ್ಯಾಮೆರಾ ಗುರುತು ಒತ್ತಿ ಫೋಟೊ ತೆಗೆದರೆ, ಅಕ್ಷರಕ್ಕಿಳಿಯುತ್ತಿರುವ ಮಾತಿನ ನಡುವೆ ಆ ಹೊತ್ತಿನ ಜಾಗದಲ್ಲೇ ಚಿತ್ರ ಬಂದು ಕೂರುತ್ತದೆ. ಆಮೇಲೆ ಚಿತ್ರದ ಆಸುಪಾಸಿನ ಪದ ಮುಟ್ಟಿದರೆ ಸಾಕು, ಆಡಿಯೊ ಅಲ್ಲಿಂದ ಶುರುವಾಗುತ್ತದೆ.

ಫೋಟೊ ಯಾವಾಗ ತೆಗೆಯಬೇಕು ಎಂಬುದರ ಮೇಲೆ ಇದರ ಉಪಯೋಗವೆಲ್ಲ ನಿಂತಿದೆ. ಸ್ಲೈಡ್ ಇದ್ದರೆ ಅದು ತೆರೆಗೆ ಬಂದ ಕೂಡಲೇ ತೆಗೆಯಿರಿ, ವಿವರಣೆ ಚಿತ್ರದ ಕೆಳಗೆ ಬರುತ್ತದೆ. ಬೋರ್ಡ್ ಆದರೆ ಅಳಿಸುವ ಮುಂಚೆ, ಚಿತ್ರ ಪೂರ್ತಿಯಾದ ಮೇಲೆ. ಆಗ ವಿವರಣೆ ಫೋಟೊಗಿಂತ ಮೇಲೆ ಇರುತ್ತದೆ, ಕೇಳುವಾಗ ಒಂದೆರಡು ಪ್ಯಾರಾ ಹಿಂದಿನಿಂದ ಕೇಳಬೇಕು.

ಫೋನ್ ಹಿಡಿಯುವ ರೀತಿಯೂ ಮುಖ್ಯ. ಸಾಮಾನ್ಯವಾಗಿ ಮುಖ್ಯ ಮೈಕ್ ಇರುವುದು ಚಾರ್ಜಿಂಗ್ ಪೋರ್ಟ್ ಪಕ್ಕದ ಸಣ್ಣ ತೂತಿನಲ್ಲಿ. ಬೋರ್ಡ್ ಪೂರ್ತಿ ಬರಲೆಂದು ಫೋನನ್ನು ಅಡ್ಡ ತಿರುಗಿಸಿದರೆ ಅಂಗೈ ಸರಿಯಾಗಿ ಅದರ ಮೇಲೇ ಕೂರುತ್ತದೆ, ಅಷ್ಟು ಹೊತ್ತು ಮಾತು ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ನೆಟ್ಟಗೆ ಹಿಡಿದೇ ತೆಗೆಯಿರಿ; ಬೋರ್ಡ್ ಅಗಲವಾಗಿದ್ದರೆ ಎರಡು ಫೋಟೊ ತೆಗೆದರಾಯಿತು. ಕರೆ ಬಂದರೆ ಮೈಕ್ ಕರೆಯ ಪಾಲಾಗುವ ಅಪಾಯವಿದೆ. ಏರ್‌ಪ್ಲೇನ್ ಮೋಡ್ ಹಾಕಿ ವೈ-ಫೈ ಮಾತ್ರ ಆನ್ ಮಾಡುವುದು ಒಳ್ಳೆಯದು. ಆಗಲೂ ವಾಟ್ಸ್ಆ್ಯಪ್ ಕರೆ ಬರಬಹುದು, ಹಾಗಾಗಿ ಡು ನಾಟ್ ಡಿಸ್ಟರ್ಬ್ ಕೂಡ ಇರಲಿ.

ಜಾಗ ತಿನ್ನುವುದು ಆಡಿಯೊ ಅಂತ ಹಲವರು ಅಂದುಕೊಂಡಿರುತ್ತಾರೆ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ (64 ಕೆಬಿಪಿಎಸ್) ರೆಕಾರ್ಡ್ ಆದ ಒಂದು ಗಂಟೆಯ ಮಾತು ಸುಮಾರು 29 ಎಂಬಿ ಅಷ್ಟೆ. 4 ಎಂಬಿಯ 20 ಫೋಟೊ ಸೇರಿದರೆ 80 ಎಂಬಿ. ನೆಟ್ ನಿಧಾನವಿರುವ ಕಡೆ ಅಪ್‌ಲೋಡ್ ಎಳೆದಾಡಿದರೆ ಕಾರಣ ಚಿತ್ರಗಳೇ.

ಉಚಿತ ಪ್ಲಾನ್ ಬಗ್ಗೆ ಖಂಡಿತವಾಗಿ ಹೇಳಬೇಕು: ತಿಂಗಳಿಗೆ 300 ನಿಮಿಷ, ಒಂದು ಸಲಕ್ಕೆ 30 ನಿಮಿಷ. ಒಂದು ಗಂಟೆಯ ಕ್ಲಾಸಿಗೆ ಇದು ಸಾಲದು; ಅರ್ಧದಲ್ಲಿ ಹೊಸ ರೆಕಾರ್ಡಿಂಗ್ ಶುರು ಮಾಡಬೇಕಾಗುತ್ತದೆ. ಟಿಎಕ್ಸ್‌ಟಿ ಫೈಲ್ ಆಗಿ ಹೊರತೆಗೆದರೆ ಫೋಟೊ ಬರುವುದಿಲ್ಲ, ಅದು ಬರೀ ಅಕ್ಷರ ಹಿಡಿಯುವ ಫೈಲು.

ನಮ್ಮವರಿಗೆ ಇದರ ದೊಡ್ಡ ಕೊರತೆ ಭಾಷೆ. ಆಟರ್ ಕನ್ನಡವನ್ನು ಅಕ್ಷರಕ್ಕಿಳಿಸುವುದಿಲ್ಲ. ಇಂಗ್ಲಿಷ್ ಪಾಠದ ನಡುವೆ ಮೇಷ್ಟ್ರು ಕನ್ನಡಕ್ಕೆ ತಿರುಗಿದರೆ ಆ ಭಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಪದಗಳು ಬಂದು ಬೀಳುತ್ತವೆ. ಆಡಿಯೊಗೆ ಏನೂ ಆಗಿರುವುದಿಲ್ಲ, ಆದರೆ ಹುಡುಕಲು ಪದಗಳ ಆಸರೆ ಇರುವುದಿಲ್ಲ. ಅಂಥಲ್ಲಿ ಫೋಟೊಗಳೇ ಗುರುತುಕಲ್ಲು, ಹಾಗಾಗಿ ವಿಷಯ ಬದಲಾದಾಗಲೆಲ್ಲ ಒಂದು ಫೋಟೊ ತೆಗೆಯಿರಿ. ಬೋರ್ಡ್ ಖಾಲಿ ಇದ್ದರೆ ಪುಸ್ತಕದ ಪುಟದ್ದಾದರೂ ಸರಿ.

ಟಿಪ್ಪಣಿ ಬರೆದಿಡುವ ಆ್ಯಪ್ ಆದ ಗೂಗಲ್ ಕೀಪ್‌ನಲ್ಲೂ ದನಿ ಮತ್ತು ಫೋಟೊ ಒಂದೇ ನೋಟ್‌ನಲ್ಲಿ ಇರಿಸಬಹುದು. ಆದರೆ ಎರಡಕ್ಕೂ ಹೊತ್ತಿನ ನಂಟಿಲ್ಲ, ಮಾತು ನಿಂತರೆ ರೆಕಾರ್ಡಿಂಗೂ ನಿಲ್ಲುತ್ತದೆ. ಅಂಗಡಿಯಲ್ಲಿ ಕಂಡ ವಸ್ತುವಿನ ಚಿತ್ರದ ಜೊತೆ ಎರಡು ಮಾತು ಸೇರಿಸಲು ಸಾಕು, ಪಾಠಕ್ಕೆ ಆಗಿಬರದು.