ಉಲ್ಲೇಖ ಕೇಳಬೇಡಿ, ತಪ್ಪು ಹುಡುಕೋಕೆ ಹೇಳಿ: ಥೀಸಿಸ್‌ಗೆ ಎಐ ಚಾಟ್‌ಬಾಟ್ ಬಳಸಿದ ಅನುಭವ

ನಾನು ಬಳಸುವ ಚಾಟ್‌ಬಾಟ್ ಯಾವ ಕಂಪನಿಯದ್ದು ಅಂತ ಕೇಳಬೇಡಿ, ಹೇಳಲ್ಲ. ಬೇರೆ ಬೇರೆ ಚಾಟ್‌ಬಾಟ್ ಬಳಸುವ ಗೆಳತಿಯರ ದೂರೂ ಹೆಚ್ಚುಕಡಿಮೆ ನನ್ನದೇ. ನಾನು ತಿಂಗಳಿಗೆ ಸುಮಾರು ಎರಡು ಸಾವಿರ ರೂಪಾಯಿ ಕಟ್ಟುತ್ತೇನೆ. ಮಂಡ್ಯದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಜೊತೆಗೆ ಮೈಸೂರಿನಲ್ಲಿ ಪಿಎಚ್‌ಡಿ. ರೈಲಿನ ಪಾಸು, ಜೆರಾಕ್ಸು, ತಿಂಗಳ ಕಾಫಿಪುಡಿ ಎಲ್ಲ ಸೇರಿಸಿದರೂ ಅಷ್ಟಾಗಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಒಂಚೂರು ಹೊಟ್ಟೆಉರಿ ಇದೆ.

ನನ್ನ ವಿಷಯ ಕನ್ನಂಬಾಡಿ ಕಟ್ಟೆಯಿಂದ (ಕೆಆರ್‌ಎಸ್) ಹರಿಯುವ ವಿಶ್ವೇಶ್ವರಯ್ಯ ನಾಲೆ ಮತ್ತು ಮಂಡ್ಯದ ಕಬ್ಬು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂತು, ಅದರ ಹಿಂದೆ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಇದ್ದರು. ಇಷ್ಟನ್ನೂ ಇದು ಪಟಪಟ ಹೇಳುತ್ತದೆ. ಸರಿಯಾಗೇ ಹೇಳುತ್ತದೆ. ಆದರೆ ‘ನಾಲೆ ಬಯಲಿನ ಕಬ್ಬಿನ ಬಗ್ಗೆ ಕೋಲ್ಮನ್ ಬರೆದ ವರದಿಗಳನ್ನು ಕೊಡು’ ಅಂದಾಗ ನೋಡಿ. ಶೀರ್ಷಿಕೆ, ವರ್ಷ, ಪುಟ ಸಂಖ್ಯೆ, ಮುದ್ರಿಸಿದ ಸರ್ಕಾರಿ ಮುದ್ರಣಾಲಯ, ಎಲ್ಲಾ ಅಚ್ಚುಕಟ್ಟು. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಹುಡುಕಿದೆ, ಇಲ್ಲ. ಪತ್ರಾಗಾರದಲ್ಲಿ ಪಟ್ಟಿ ತಿರುವಿ ಹಾಕಿದವರು, ‘ಇಂಥದ್ದೊಂದು ಇದ್ದಿದ್ರೆ ನಮಗೆ ಗೊತ್ತಿರ್ತಿತ್ತು ಮೇಡಂ’ ಅಂದರು. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿರುವ ಹಳೇ ಥೀಸಿಸ್‌ಗಳಲ್ಲಿ ಯಾರೂ ಅದರ ಹೆಸರೆತ್ತಿಲ್ಲ. ವಾಪಸ್ ಬಂದು ‘ಇದು ಎಲ್ಲಿದೆ?’ ಅಂತ ಕೇಳಿದರೆ ಕ್ಷಮೆ ಕೇಳಿ ಇನ್ನೊಂದು ವರದಿ ಕೊಟ್ಟಿತು. ಅದೂ ಇಲ್ಲ!

ನನಗೆ ರೇಗಿದ್ದು ಸುಳ್ಳಿಗಲ್ಲ, ಆ ದನಿಗೆ. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿ ಬಗ್ಗೆ ಕೇಳಿದಾಗ ಎಷ್ಟು ಧೈರ್ಯವಾಗಿ ಮಾತಾಡುತ್ತದೋ, ನಮ್ಮ ನಾಲೆ ಬಗ್ಗೆಯೂ ಅಷ್ಟೇ ಧೈರ್ಯ. ಇದು ಪುಸ್ತಕ ತೆಗೆದು ನೋಡಿ ಉತ್ತರ ಕೊಡುವ ಯಂತ್ರ ಅಲ್ಲವಲ್ಲ. ಒಂದು ಪದದ ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕಿ ಜೋಡಿಸುತ್ತಾ ಹೋಗುತ್ತದೆ. ಹೆಚ್ಚು ಜನ ಬರೆದ ವಿಷಯದಲ್ಲಿ ಆ ಲೆಕ್ಕ ಸರಿಹೋಗುತ್ತದೆ. ಊರು ಚಿಕ್ಕದಾದಷ್ಟೂ ಕಟ್ಟುಕತೆ ಜಾಸ್ತಿ. ಒಮ್ಮೆ ಇರ್ವಿನ್ ನಾಲೆ, ವಿಶ್ವೇಶ್ವರಯ್ಯ ನಾಲೆ ಎರಡನ್ನೂ ಬೇರೆ ಬೇರೆ ನಾಲೆ ಅಂತ ಹೋಲಿಸಿ ಉದ್ದನೆಯ ಪಟ್ಟಿ ಮಾಡಿಕೊಟ್ಟಿತು. ಎರಡೂ ಒಂದೇ, ಹೆಸರು ಆಮೇಲೆ ಬದಲಾಗಿದ್ದು ಅಂತ ಮಂಡ್ಯದ ಯಾವ ಹಿರಿಯರಾದರೂ ಹೇಳುತ್ತಾರೆ. ವೆಬ್‌ನಲ್ಲಿ ಹುಡುಕಿ ಉತ್ತರ ಕೊಡುವ ಸೌಲಭ್ಯ ಬಂದ ಮೇಲೆ ಸ್ವಲ್ಪ ಸುಧಾರಿಸಿದೆ, ನಿಜ. ಈಗ ಲಿಂಕ್ ಅಸಲಿ ಇರುತ್ತದೆ, ಆದರೆ ಎಷ್ಟೋ ಸಲ ಲಿಂಕ್ ಒಳಗೆ ಆ ಮಾತು ಇರಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಬಾಟ್ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದರು. ನಮ್ಮಲ್ಲಿ ವೈವಾ ದಿನ ಪರೀಕ್ಷಕರು ‘ಆ ಪುಸ್ತಕ ತನ್ನಿ’ ಅಂದರೆ ಮುಗೀತು.

ಹಾಗಾದರೆ ಯಾಕೆ ಇನ್ನೂ ದುಡ್ಡು ಕಟ್ಟುತ್ತಿದ್ದೀಯ ಅಂತೀರಾ? ಬೆಳಗಿನ ರೈಲಿಗಾಗಿ.

ರಾತ್ರಿ ಊಟ ಆದ ಮೇಲೆ ನಾನೇ ಬರೆದ ಮೂರ್ನಾಲ್ಕು ಪುಟ ಅದಕ್ಕೆ ಹಾಕುತ್ತೇನೆ. ‘ನೀನು ಹೊರಗಿನಿಂದ ಬಂದ ಪರೀಕ್ಷಕ. ಹೊಗಳಬೇಡ, ತಿದ್ದಬೇಡ, ಹೊಸದೇನೂ ಬರೆಯಬೇಡ. ಈ ವಾದ ಎಲ್ಲಿ ಕುಸಿಯುತ್ತೆ ಅಂತ ಪ್ರಶ್ನೆ ಮಾತ್ರ ಕೇಳು’ ಅನ್ನುತ್ತೇನೆ. ಹೊಗಳಬೇಡ ಅನ್ನುವುದನ್ನು ಮರೆಯಬಾರದು, ಇಲ್ಲದಿದ್ದರೆ ಎಲ್ಲದಕ್ಕೂ ‘ಅದ್ಭುತ’ ಅನ್ನುತ್ತದೆ. ಪ್ರಶ್ನೆಗಳನ್ನು ರಾತ್ರಿ ಓದಲ್ಲ. ಬೆಳಗ್ಗೆ ಕಿಟಕಿ ಪಕ್ಕ ಸೀಟು ಸಿಕ್ಕರೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವವರೆಗೂ ಹೊರಗೆ ನೋಡುತ್ತೇನೆ. ಆಮೇಲೆ ಫೋನ್ ತೆಗೆದು ಒಂದೊಂದೇ ಪ್ರಶ್ನೆ ಓದಿ, ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಉತ್ತರ ಬರೆಯುತ್ತೇನೆ. ಪಾಂಡವಪುರ, ಯಲಿಯೂರು ದಾಟುವಷ್ಟರಲ್ಲಿ ಯಾವುದು ಗಟ್ಟಿ ಯಾವುದು ಜೊಳ್ಳು ಗೊತ್ತಾಗಿರುತ್ತದೆ. ಅರ್ಧ ಪ್ರಶ್ನೆಗಳು ದಂಡ. ಆದರೆ ಒಂದು ದಿನ, ‘ನಾಲೆಯಿಂದ ಸಮೃದ್ಧಿ ಬಂತು ಅಂತೀರಿ, ನಾಲೆಯ ಕೊನೇ ಭಾಗದ ರೈತರು ನಿಮ್ಮ ಪುಟಗಳಲ್ಲಿ ಎಲ್ಲಿದ್ದಾರೆ?’ ಅಂತ ಕೇಳಿತ್ತು. ನಾಲೆಯ ಕೊನೇ ಭಾಗದ ಮಳವಳ್ಳಿ ಕಡೆಗೆ ನಾನು ಹೋಗಿದ್ದು ಆ ಪ್ರಶ್ನೆ ಹಿಡಿದುಕೊಂಡೇ. ಗೈಡ್‌ಗೆ ಬಿಡುವಿರಲ್ಲ, ಜೊತೆಯವರಿಗೆ ನನ್ನ ಅಧ್ಯಾಯ ಓದುವ ತಾಳ್ಮೆ ಇಲ್ಲ. ಇಷ್ಟು ಸಲ ಓದುವವರು ಯಾರು ಸಿಗುತ್ತಾರೆ ಹೇಳಿ?

ಮಳವಳ್ಳಿಯಿಂದ ಬಂದ ಮೇಲೆ ಮತ್ತೆ ತಲೆಕೆಟ್ಟಿತು. ರೈತರ ರೆಕಾರ್ಡಿಂಗ್‌ಗಳನ್ನು ನಾನು ಇದಕ್ಕೆ ಹಾಕುವುದಿಲ್ಲ. ಅವರು ಮಾತಾಡಿದ್ದು ನನ್ನ ಜೊತೆ, ಯಾವುದೋ ದೇಶದ ಸರ್ವರ್ ಜೊತೆ ಅಲ್ಲ. ನಮ್ಮ ಮಾತನ್ನು ತರಬೇತಿಗೆ ಬಳಸದಂತೆ ಸೆಟ್ಟಿಂಗ್‌ನಲ್ಲಿ ಆಫ್ ಮಾಡಬಹುದು, ಮಾಡಿದ್ದೇನೆ ಕೂಡ. ಆದರೂ ಬೇಡ. ಒಬ್ಬ ಹಿರಿಯರ ಒಪ್ಪಿಗೆ ಪಡೆದು, ಹೆಸರು ಊರು ಅಳಿಸಿ, ಒಂದು ತುಣುಕನ್ನು ಮಾತ್ರ ಪರೀಕ್ಷೆಗೆ ಕೊಟ್ಟೆ. ಮೇಲಿನವರು ರಾತ್ರಿ ತೂಬು ಎತ್ತಿ ನೀರು ಕದಿಯುತ್ತಾರೆ ಅಂತ ಅವರು ಸಿಟ್ಟಿನಲ್ಲಿ ಹೇಳಿದ್ದರು. ಸಾರಾಂಶದಲ್ಲಿ ಅದು ‘ನೀರಿನ ಸಮರ್ಪಕ ಹಂಚಿಕೆಯ ಸವಾಲು’ ಆಗಿತ್ತು. ಕಳ್ಳನೂ ಇಲ್ಲ, ರಾತ್ರಿಯೂ ಇಲ್ಲ. ಸಂದರ್ಶನಗಳನ್ನು ಕೂತು ಕೇಳಿ ನಾವೇ ಬರೆದುಕೊಳ್ಳಬೇಕು, ಬೇರೆ ದಾರಿ ಇಲ್ಲ.

ಇನ್ನೊಂದು ಕಿರಿಕಿರಿಗೆ ಚಾಟ್‌ಬಾಟ್ ಕಾರಣ ಅಲ್ಲ, ಆದರೂ ಹೇಳಲೇಬೇಕು. ಎಐ ಬರಹ ಪತ್ತೆ ಮಾಡುವ ಸಾಫ್ಟ್‌ವೇರ್ ಒಂದು ನಾನೇ ಕೂತು ಬರೆದ ಇಂಗ್ಲಿಷ್ ಪುಟಗಳಿಗೆ ಕೆಂಪು ಬಳಿಯಿತು. ಗೈಡ್ ಕರೆದು, ‘ಏನಮ್ಮಾ ಇದು?’ ಅಂದರು. ನೋಟ್‌ಬುಕ್ಕು, ಫೈಲಿನ ಹಳೇ ಆವೃತ್ತಿಗಳು, ಚಾಟ್‌ಗಳ ಪ್ರತಿ ಎಲ್ಲ ಮುಂದಿಟ್ಟೆ. ‘ಸರಿ, ಇದನ್ನೆಲ್ಲ ಎತ್ತಿಟ್ಟಿರು’ ಅಂದರು, ಅಷ್ಟೇ. ಇಂಗ್ಲಿಷ್ ತಾಯಿನುಡಿಯಲ್ಲದವರ ಬರಹವನ್ನು ಇಂಥ ಸಾಫ್ಟ್‌ವೇರ್‌ಗಳು ಸುಮ್ಸುಮ್ನೆ ಎಐ ಅನ್ನುತ್ತವೆ ಅಂತ 2023ರಲ್ಲೇ ಸ್ಟ್ಯಾನ್‌ಫರ್ಡ್‌ನವರು ತೋರಿಸಿದ್ದಾರೆ. ಓಪನ್‌ಎಐ ಅದೇ ವರ್ಷ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ ವಾಪಸ್ ತೆಗೆದುಕೊಂಡಿತು. ಯುಜಿಸಿಯ 2018ರ ನಿಯಮದಲ್ಲಿರುವ ಶೇ 10ರ ಮಿತಿ ಬೇರೆಯವರ ಬರಹದ ಜೊತೆಗಿನ ಹೋಲಿಕೆಗೆ. ಎಐ ಶೇಕಡಾವಾರು ಬೇರೆಯದೇ ಲೆಕ್ಕ. ಎರಡನ್ನೂ ಗಂಟು ಹಾಕಿ ಹೆದರಿಸುವವರು ಡಿಪಾರ್ಟ್‌ಮೆಂಟಿಗೊಬ್ಬರು ಇರುತ್ತಾರೆ.

ಎಐ ಸಹಲೇಖಕ ಆಗೋಕೆ ಆಗಲ್ಲ, ಬರೆದದ್ದಕ್ಕೆ ಅದು ಜವಾಬ್ದಾರಿ ಹೊರಲಾರದು ಅಂತ ಪ್ರಕಟಣಾ ನೀತಿಯ ಸಮಿತಿ ಕೋಪ್ 2023ರಲ್ಲೇ ಹೇಳಿದೆ. ಬಳಸಿದ್ದರೆ ಎಲ್ಲಿ, ಹೇಗೆ ಅಂತ ತಿಳಿಸಬೇಕು. ಥೀಸಿಸ್‌ನ ವಿಧಾನದ ಅಧ್ಯಾಯದಲ್ಲಿ ನಾನು ಅದಕ್ಕೊಂದು ಪ್ಯಾರಾ ಇಟ್ಟಿದ್ದೇನೆ: ಪ್ರಶ್ನೆ ಕೇಳಿಸಿಕೊಳ್ಳಲು, ವ್ಯಾಕರಣ ನೋಡಲು ಬಳಸಿದೆ, ಉಲ್ಲೇಖ, ಸಂದರ್ಶನ, ವಾದ ಯಾವುದಕ್ಕೂ ಅಲ್ಲ.

ಐದಕ್ಕೆ ಮೂರು ಸ್ಟಾರ್. ಬರೆಯುವ ತಿಂಗಳುಗಳಲ್ಲಿ ಮಾತ್ರ ಚಂದಾ ಕಟ್ಟಿ. ಊರೂರು ಸುತ್ತುವ ತಿಂಗಳುಗಳಲ್ಲಿ ರದ್ದು ಮಾಡಿ. ಹಳೇ ಚಾಟ್‌ಗಳು ಹಾಗೇ ಇರುತ್ತವೆ, ಆ ದುಡ್ಡು ಮಳವಳ್ಳಿ ಬಸ್ಸಿಗಾಗುತ್ತದೆ.