ಗಂಧದ ತೋಟದ ಬೇಲಿಗೆ ಸೆನ್ಸರ್ ಕೇಬಲ್: ನಾಲ್ಕು ವರ್ಷ ಬಳಸಿದ ಮೇಲೆ

ಹೊಸದುರ್ಗದ ಕಡೆ ನಮ್ಮದು ನಾಲ್ಕು ಎಕರೆ ಗಂಧದ ತೋಟ. ಗಿಡಗಳಿಗೆ ಈಗ ಹನ್ನೆರಡು ವರ್ಷ. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ಜಮೀನಿನ ಗಂಧದ ಮರ ರೈತನದ್ದೇ ಆಯಿತು. ಆದರೆ ಕಾಯುವ ಹೊಣೆಯೂ ರೈತನದ್ದೇ. ಮೊದಲ ಏಳೆಂಟು ವರ್ಷ ಆ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಚೇಗು, ಅಂದರೆ ಮರದೊಳಗಿನ ಪರಿಮಳದ ತಿರುಳು, ಕಟ್ಟುವುದಕ್ಕೆ ಶುರುವಾದ ಮೇಲೆ ನಮಗಿಂತ ಮುಂಚೆ ಕಳ್ಳರಿಗೆ ಗೊತ್ತಾಗುತ್ತದೆ.

ಪಕ್ಕದ ತೋಟದಲ್ಲಿ ಒಂದೇ ರಾತ್ರಿ ಆರು ಮರ ಹೋದವು. ಬೆಳಿಗ್ಗೆ ಹೋಗಿ ನೋಡಿದರೆ ಬುಡದ ಸುತ್ತ ಗರಗಸದ ಹಸಿ ಪುಡಿ, ಬೇರು ಸಮೇತ ಅಗೆದ ಗುಂಡಿ. ಅದಾದ ತಿಂಗಳಿಗೇ ನಾವು ಬೇಲಿಗೆ ಸೆನ್ಸರ್ ಹಾಕಿಸಿದೆವು. ಬೇಲಿಗೆ ಕರೆಂಟ್ ಬಿಡಿ, ಸುಮ್ನೆ ಯಾಕೆ ಖರ್ಚು ಅಂತ ಹೇಳಿದವರೂ ಇದ್ದರು. ದಯವಿಟ್ಟು ಆ ಕೆಲಸ ಮಾಡಬೇಡಿ. ಮೇನ್ಸ್ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ. ಮೊದಲು ಸಾಯುವುದು ಕುರಿ ಕಾಯುವ ಹುಡುಗನೋ ನಮ್ಮ ಮನೆಯವರೋ ಆಗಿರುತ್ತಾರೆ.

ನಾವು ಹಾಕಿಸಿದ್ದು ಕಂಪನ ಹಿಡಿಯುವ ಕೋಆಕ್ಸಿಯಲ್ ಕೇಬಲ್, ನೋಡಲು ಟಿವಿ ಕೇಬಲ್ ಥರ. ಸುತ್ತಳತೆ ಸುಮಾರು 540 ಮೀಟರ್, ಎರಡು ಝೋನ್, ಅಂದರೆ ಬೇರೆ ಬೇರೆಯಾಗಿ ಕೂಗುವ ಎರಡು ಭಾಗ. ಆರಡಿ ಜಾಲರಿಯ ನಡುಮಟ್ಟದಲ್ಲಿ ಕೇಬಲ್ ಹೋಗುತ್ತದೆ. ಯಾರಾದರೂ ಜಾಲರಿ ಅಲುಗಾಡಿಸಿದರೆ ಕೇಬಲ್ಲಿನೊಳಗೆ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ, ಮಧ್ಯದಲ್ಲಿರುವ ಪ್ರೊಸೆಸರ್ ಪೆಟ್ಟಿಗೆ ಅದನ್ನು ಅಳೆಯುತ್ತದೆ. ತಂತಿ ಕತ್ತರಿಸಿದರೆ ಟಕ್ ಅಂತ ಚುರುಕಾದ ಒಂದು ಹೊಡೆತ, ಹತ್ತಿದರೆ ಹಲವು ಸೆಕೆಂಡಿನ ಉದ್ದದ ನಡುಕ. ಇವೆರಡನ್ನೂ ಬೇರೆ ಬೇರೆಯಾಗಿ ಸೆಟ್ ಮಾಡಬಹುದು. ಫೈಬರ್ ಕೇಬಲ್ಲೂ ಸಿಗುತ್ತದೆ, ಅದಕ್ಕೆ ಸಿಡಿಲಿನ ಕಾಟ ಕಡಿಮೆ, ನಮ್ಮಷ್ಟು ಚಿಕ್ಕ ಬೇಲಿಗೆ ದುಬಾರಿ ಅನಿಸಿತು.

ಮೊದಲ ಆಷಾಢ ನರಕ. ನಮ್ಮ ಸೀಮೆಯ ಗಾಳಿ ಗೊತ್ತಲ್ವಾ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ರಾತ್ರಿಗೆ ಮೂವತ್ತು ನಲವತ್ತು ಸಲ ಸೈರನ್. ಮೂರನೇ ದಿನ ಆರಿಸಿಯೇ ಬಿಟ್ಟೆವು. ಹಾಕಿದವರಿಗೆ ಫೋನ್ ಮಾಡಿದರೆ ಸೆನ್ಸಿಟಿವಿಟಿ ಕಡಿಮೆ ಮಾಡಿ ಅಂದರು. ಮಾಡಿದೆವು. ನಾನೇ ಬೇಲಿ ಹತ್ತಿ ಆ ಕಡೆ ಇಳಿದೆ, ಪೆಟ್ಟಿಗೆ ಸುಮ್ಮನೆ ಕೂತಿತ್ತು.

ಆಮೇಲೆ ಬೇರೊಬ್ಬ ಟೆಕ್ನಿಷಿಯನ್ ಬಂದರು. ಅವರು ಪೆಟ್ಟಿಗೆ ಮುಟ್ಟಲೇ ಇಲ್ಲ. ಮೊದಲು ಬೇಲಿ ಉದ್ದಕ್ಕೂ ನಡೆದು, ಪ್ರತಿ ಎರಡು ಕಂಬದ ಮಧ್ಯೆ ಜಾಲರಿಯನ್ನು ಅಂಗೈಯಿಂದ ಒತ್ತಿ ನೋಡಿದರು. ಕೆಲವು ಕಡೆ ಒಂದು ಗೇಣು ಒಳಗೆ ಹೋಗುತ್ತಿತ್ತು. 'ಈ ಬೇಲಿ ಗಾಳಿಗೆ ತಾನೇ ಕುಣಿಯುತ್ತಿದೆ, ಕೇಬಲ್ ಏನು ಮಾಡುತ್ತದೆ' ಅಂದರು. ಮೂಲೆಯ ಕಲ್ಲುಕಂಬಗಳಿಗೆ ಆಸರೆ ಕಂಬ ಕೊಟ್ಟು, ಮೇಲೆ, ನಡುವೆ, ಕೆಳಗೆ ಮೂರು ಸಾಲು ತಂತಿ ಎಳೆದು ಬಿಗಿ ಮಾಡಿಸಿದೆವು. ನಾಲ್ಕು ದಿನದ ಕೆಲಸ. 'ಒಳಗೆ ಪ್ರವೇಶವಿಲ್ಲ' ಅಂತ ತಗಡಿನ ಬೋರ್ಡ್ ಒಂದನ್ನು ಜಾಲರಿಗೇ ಕಟ್ಟಿದ್ದೆವು. ಗಾಳಿಗೆ ಅದರ ಅಂಚು ತಂತಿಗೆ ಟಣ್ ಟಣ್ ಅಂತ ಬಡಿಯುತ್ತಿತ್ತು, ಪೆಟ್ಟಿಗೆಗೆ ಅದು ಥೇಟ್ ಕಟರ್ ಸದ್ದು. ಬೋರ್ಡಿಗೆ ಬೇರೆ ಗೂಟ ನೆಟ್ಟೆವು. ಬೇಲಿಗೆ ತಾಗುತ್ತಿದ್ದ ಬೇವಿನ ಕೊಂಬೆಗಳನ್ನು ಕಡಿದೆವು.

ಇಷ್ಟಾದ ಮೇಲೆ ಗಾಳಿ ಜೋರಾಗಿದ್ದ ಮಧ್ಯಾಹ್ನವೇ ಸೆಟ್ಟಿಂಗ್ ಮಾಡಿದರು. ಸ್ಕ್ರೂಡ್ರೈವರ್‌ನಿಂದ ಒಂದೊಂದು ಅಂಕಣದಲ್ಲೂ, ಅಂದರೆ ಎರಡು ಕಂಬದ ನಡುವಿನ ಜಾಗದಲ್ಲೂ, ತಂತಿಗೆ ತಟ್ಟುವುದು, ಇನ್ನೊಬ್ಬರು ಪೆಟ್ಟಿಗೆಯ ಹತ್ತಿರ ನಿಂತು ಮಟ್ಟ ನೋಡುವುದು. ಮೂಲೆಯ ಗಟ್ಟಿ ಕಂಬಗಳ ಹತ್ತಿರ ಸಂಕೇತ ಸಣ್ಣಗಾಗುತ್ತಿತ್ತು, ಅಲ್ಲಿ ಕೇಬಲ್ಲನ್ನು ಸುತ್ತು ಹಾಕಿ ಜಾಸ್ತಿ ಕೊಟ್ಟರು. ಒಂದೇ ಹೊಡೆತಕ್ಕೆ ಕೂಗಬಾರದು, ಸ್ವಲ್ಪ ಹೊತ್ತಿನೊಳಗೆ ಮೂರು ಬಂದರೆ ಮಾತ್ರ ಕೂಗಬೇಕು ಅಂತ ಇಟ್ಟರು. ಈಗ ಆಷಾಢದಲ್ಲೂ ವಾರಕ್ಕೆ ಎರಡು ಮೂರು ಸುಳ್ಳು ಅಲಾರಂ, ಬೇರೆ ತಿಂಗಳಲ್ಲಿ ಅಪರೂಪ. ಬಂದರೂ ನವಿಲು ಕೂತಿದ್ದೋ ನಾಯಿ ನುಗ್ಗಿದ್ದೋ ಆಗಿರುತ್ತದೆ.

ನಿರ್ವಹಣೆ ಬಗ್ಗೆ ಮಾರುವವರು ಏನೂ ಹೇಳುವುದಿಲ್ಲ, ಆದ್ದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ. ಕೇಬಲ್ಲನ್ನು ಜಾಲರಿಗೆ ಕಟ್ಟಲು ಮೊದಲು ಹಾಕಿದ್ದು ಬಿಳಿ ಪ್ಲಾಸ್ಟಿಕ್ ಟೈ. ಎರಡು ಬೇಸಿಗೆಗೆ ಬೆರಳಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಟೈ ಹೋದಲ್ಲಿ ಕೇಬಲ್ ಜೋತುಬಿದ್ದು ತಾನೇ ಜಾಲರಿಗೆ ಬಡಿಯುತ್ತದೆ. ಈಗ ಬಿಸಿಲು ತಡೆಯುವ ಕಪ್ಪು ಟೈ, ಗೇಣಿಗೊಂದು, ಕೆಲವು ಕಡೆ ಸ್ಟೀಲಿನದು. ಸ್ಟೀಲ್ ಟೈ ಬಿಗಿ ಮಾಡುವಾಗ ಕೇಬಲ್ ಜಜ್ಜದ ಹಾಗೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಳ್ಳಿ ಕೀಳಲೇಬೇಕು, ಕಾಡು ತೊಂಡೆ ಒಂದು ತಿಂಗಳಲ್ಲಿ ಇಡೀ ಅಂಕಣ ಮುಚ್ಚುತ್ತದೆ.

ಒಂದು ಸಲ ಎರಡನೇ ಝೋನ್ ಹಗಲು ಹೊತ್ತಲ್ಲೇ ಕೂಗಲು ಶುರುವಾಯಿತು. ಜಾಯಿಂಟ್ ಡಬ್ಬಿ ತೆಗೆದರೆ ಒಳಗೆ ಇರುವೆ ಗೂಡು, ಬಿಳಿ ಮೊಟ್ಟೆಗಳ ರಾಶಿ, ಅದರ ತೇವಕ್ಕೆ ತಾಮ್ರ ಹಸಿರು ಕಟ್ಟಿತ್ತು. ಡಬ್ಬಿಯ ಗ್ಲ್ಯಾಂಡ್, ಅಂದರೆ ಕೇಬಲ್ ಒಳಹೋಗುವ ಕಂಡಿಯನ್ನು ಬಿಗಿಯಾಗಿ ಮುಚ್ಚುವ ತಿರುಪು, ಸರಿಯಾಗಿ ತಿರುಗಿಸಿರಲಿಲ್ಲ, ಅಷ್ಟೇ. ಭರಣಿ ಮಳೆಯ ಸಿಡಿಲಿಗೆ ಒಮ್ಮೆ ಪ್ರೊಸೆಸರ್ ಬೋರ್ಡೇ ಹೋಯಿತು, ವಾರಂಟಿಗೆ ಬರುವುದಿಲ್ಲ ಅಂದರು. ಆಮೇಲೆ ಬೇರೆ ಅರ್ತಿಂಗ್ ಗುಂಡಿ ತೋಡಿಸಿ, ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ಕರೆಂಟ್, ತಡೆಯುವ ಬಿಡಿಭಾಗ ಹಾಕಿಸಿದೆವು. ಪೆಟ್ಟಿಗೆಯನ್ನು ನಡೆಸುವ ಸೋಲಾರ್ ಬ್ಯಾಟರಿ ಮೂರನೇ ವರ್ಷಕ್ಕೆ ಬದಲಾಯಿಸಬೇಕಾಯಿತು.

ಕೆಲಸಕ್ಕೆ ಬಂತಾ? ಬಂತು. ಕಳೆದ ಕಾರ್ತಿಕದಲ್ಲಿ ರಾತ್ರಿ ಎರಡರ ಸುಮಾರಿಗೆ ಎರಡನೇ ಝೋನ್ ಕೂಗಿತು. ನಾನು, ತಮ್ಮ, ನಾಯಿಗಳು ಹೋಗುವಷ್ಟರಲ್ಲಿ ಬೈಕ್ ಸದ್ದು ದೂರವಾಗುತ್ತಿತ್ತು. ಜಾಲರಿಯ ಏಳು ಕಣ್ಣು ಕತ್ತರಿಸಿತ್ತು, ಕಟರ್ ಅಲ್ಲೇ ಬಿದ್ದಿತ್ತು. ಮರ ಒಂದೂ ಹೋಗಲಿಲ್ಲ. ಆ ರಾತ್ರಿ ಅಮ್ಮ ಬೆಳಗಿನವರೆಗೂ ಜಗಲಿ ಮೇಲೇ ಕೂತಿದ್ದರು.

ಇದು ಕಳ್ಳರನ್ನು ತಡೆಯುವುದಿಲ್ಲ, ಬಂದರು ಅಂತ ಹೇಳುತ್ತದೆ, ಓಡಿಹೋಗಲು ಹತ್ತಿರ ಜನ ಇರಬೇಕು. ಬೇಲಿ ಮುಟ್ಟದೆ ಏಣಿ ಇಟ್ಟು ಹಾರಿದರೆ, ಕೆಳಗೆ ಅಗೆದು ನುಸುಳಿದರೆ ತಿಳಿಯದೇ ಹೋಗಬಹುದು. ಗೇಟಿನ ಕಡೆ ಕೇಬಲ್ ನೆಲದೊಳಗಿನ ಪೈಪಿನಲ್ಲಿ ದಾಟುತ್ತದೆ, ಅಲ್ಲಿಗೆ ಬೇರೆ ಸೆನ್ಸರ್ ಬೇಕೇ ಬೇಕು. ಬೇಲಿ ಸಡಿಲ ಇದ್ದರೆ ಮೊದಲು ದುಡ್ಡು ಬೇಲಿಗೆ ಹಾಕಿ, ಕೇಬಲ್ ಮುಂದಿನ ವರ್ಷ ತಂದರೂ ಆಗುತ್ತದೆ. ಹಾಕುವವರನ್ನು ಆಷಾಢದಲ್ಲಿ ಬಂದು ಸೆಟ್ಟಿಂಗ್ ಮಾಡಿಕೊಡುತ್ತೀರಾ ಅಂತ ಕೇಳಿ, ಹೌದು ಅಂದರೆ ಬರೆಸಿಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಈ ಸಲ ಭರಣಿ ಮಳೆಗೆ ಮುಂಚೆ ಎರಡನೇ ಝೋನಿನ ಕೊನೆಯ ಡಬ್ಬಿ ಬದಲಾಯಿಸಬೇಕಿದೆ. ಹೊಸದು ತಂದಿಟ್ಟಿದ್ದೇನೆ.